ಯಾವ ಕೆರೆ ಹತ್ರ?

ಕಾಫಿ ಕೊಯ್ಲಿನ ದಿನಗಳು. ಬೆಳಿಗ್ಗೆ ಆರಕ್ಕೆ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು: ‘ಕೆರೆ ಹತ್ರ ಐದು ಆನೆ, ಮರಿನೂ ಇದೆ. ಹುಷಾರು.’ ಹತ್ತು ನಿಮಿಷದಲ್ಲಿ ಹದಿನೇಳು ಜನ ಕೈಮುಗಿಯುವ ಚಿತ್ರ ಹಾಕಿದರು. ಯಾವ ಕೆರೆ ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ಒಂದು ತೋಟದ ರೈಟರು ಕೇಳಿದರು ನೋಡಿ, ಆಗ ಶುರುವಾಯಿತು. ‘ಶಾಲೆ ಹಿಂದಿನ ಕೆರೆ.’ ‘ಅಲ್ಲ ಮಾರಾಯ, ಅದ್ರಲ್ಲಿ ನೀರೆಲ್ಲಿದೆ, ಹೊಸಕೆರೆ.’ ‘ಹೊಸಕೆರೆ ಅಂದ್ರೆ ನಿಮ್ಮೂರದ್ದೋ ನಮ್ಮೂರದ್ದೋ?’ ಅಷ್ಟರಲ್ಲಿ ಕೂಲಿಯವರನ್ನು ತುಂಬಿಕೊಂಡ ಜೀಪು ಹೊರಟಾಗಿತ್ತು. ಆವತ್ತು ಯಾರಿಗೂ ಏನೂ ಆಗಲಿಲ್ಲ, ಆನೆಗಳು ಇನ್ನೊಂದು ದಿಕ್ಕಿಗೆ ಇಳಿದಿದ್ದವು. ಆ ಹದಿನೇಳು ಕೈಮುಗಿದ ಚಿತ್ರಗಳು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ.

ಸಕಲೇಶಪುರ ದಾಟಿ ಮಂಗಳೂರಿನ ಕಡೆ ಹೊರಟರೆ ಸಿಗುವ ಆನೇಮಹಲ್‌ಗೆ ಹೆಸರಿನಲ್ಲೇ ಆನೆ ಇದೆ. ಸುತ್ತಲಿನ ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಆನೆ ಹಗಲು ಕಾಫಿ ತೋಟದ ನೆರಳಲ್ಲಿ ನಿಂತು, ಕತ್ತಲಾದ ಮೇಲೆ ಗದ್ದೆಗೆ ಇಳಿಯುತ್ತದೆ. ಹೈಕೋರ್ಟ್ ನೇಮಿಸಿದ್ದ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಶಿಫಾರಸು ಮಾಡಿತ್ತು. ಹಿಡಿದದ್ದೂ ಆಯಿತು, ಮತ್ತೆ ಬಂದದ್ದೂ ಆಯಿತು. ಈಗ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಇದೆ. ರೇಡಿಯೊ ಕಾಲರ್ ಹಾಕಿದ ಆನೆಗಳಿವೆ. ನೇಚರ್ ಕನ್ಸರ್ವೇಷನ್ ಫೌಂಡೇಷನ್ ಜೊತೆ ಸೇರಿ ಇಲಾಖೆ ನಡೆಸುವ ಮುನ್ನೆಚ್ಚರಿಕೆ ವ್ಯವಸ್ಥೆಯಲ್ಲಿ ಎಸ್ಸೆಮ್ಮೆಸ್ಸು, ಧ್ವನಿ ಕರೆ, ರಸ್ತೆ ಬದಿಯ ಎಚ್ಚರಿಕೆ ಫಲಕ ಎಲ್ಲವೂ ಉಂಟು. ಊರಿನವರ ಗುಂಪು ಇದಕ್ಕೆ ಪರ್ಯಾಯವಲ್ಲ. ಆನೆ ಮನೆ ಬಾಗಿಲಿಗೆ ಬಂದರೆ ಮೊದಲ ಕರೆ ಇಲಾಖೆಯ ಸಹಾಯವಾಣಿ 1926ಕ್ಕೆ, ಆಮೇಲೆ ಗುಂಪಿಗೆ.

ಆದರೂ ಊರಿಗೆ ತನ್ನದೊಂದು ನಕ್ಷೆ ಬೇಕು. ಆನೆಗೆ ಮಾತ್ರವಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ಅದೇ ತಿಂಗಳು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಜಾರಿದಾಗ, ‘ಒಳದಾರಿ ಯಾವುದು ತೆರೆದಿದೆ’ ಎಂಬುದೇ ಎಲ್ಲರ ಪ್ರಶ್ನೆಯಾಗಿತ್ತು. 108ರ ಚಾಲಕನಿಗೂ ಅದೇ ಪ್ರಶ್ನೆ. ಮಲೆನಾಡಿನ ಒಂಟಿ ಮನೆಗೆ ಬಾಗಿಲ ಸಂಖ್ಯೆ ಇರುವುದಿಲ್ಲ. ‘ಹಲಸಿನ ಮರದ ತಿರುವಿನಲ್ಲಿ ಎಡಕ್ಕೆ’ ಅನ್ನುವುದೇ ವಿಳಾಸ.

ಅಂಥ ನಕ್ಷೆಯನ್ನು ಹತ್ತಾರು ಜನ ಸೇರಿ ಮಾಡಿ, ಹದಗೆಡದಂತೆ ನಡೆಸಿಕೊಂಡು ಹೋಗುವುದು ಹೇಗೆ ಎಂಬುದು ಈ ಬರಹದ ವಿಷಯ. ಮಾಡುವುದು ಸುಲಭ, ಎರಡು ಭಾನುವಾರದ ಕೆಲಸ. ನಡೆಸುವುದೇ ಕಷ್ಟ.

ಹೆಸರು ಮೊದಲು, ಗುರುತು ಆಮೇಲೆ

ತಂತ್ರಾಂಶ ಯಾವುದು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಅದಕ್ಕೂ ಮುಂಚೆ ಒಂದು ಸಂಜೆ ಹಿರಿಯರನ್ನು, ಹಾಲಿನ ಗಾಡಿಯವರನ್ನು, ಲೈನ್‌ಮನ್‌ನನ್ನು, ಪೋಸ್ಟ್‌ಮನ್‌ನನ್ನು ಕೂರಿಸಿಕೊಂಡು ಜಾಗಗಳ ಹೆಸರು ಬರೆಯಿರಿ. ಕೆರೆ, ಹಳ್ಳ, ತಿರುವು, ಬನ, ಹಳೆಯ ಕಣ, ಯಾವುದೂ ಬಿಡಬೇಡಿ. ನಮ್ಮಲ್ಲಿ ಈ ಕೆಲಸಕ್ಕೆ ಮೂರು ಸಂಜೆ ಹಿಡಿಯಿತು, ಅರ್ಧ ಹೊತ್ತು ಜಗಳದಲ್ಲೇ ಹೋಯಿತು. ಒಂದೇ ಹಳ್ಳಕ್ಕೆ ಮೇಲಿನ ಊರಿನವರದ್ದು ಒಂದು ಹೆಸರು, ಕೆಳಗಿನವರದ್ದು ಇನ್ನೊಂದು. ತೋಟದ ಹೆಸರು ಒಂದಿದ್ದರೆ ಅದು ಇರುವ ಹಳ್ಳಿಯ ಹೆಸರು ಬೇರೆ. ಮಾಲೀಕರು ಬದಲಾದರೂ ಜನ ಮೂವತ್ತು ವರ್ಷದ ಹಿಂದಿನ ಸಾಹುಕಾರರ ಹೆಸರಲ್ಲೇ ತೋಟವನ್ನು ಕರೆಯುತ್ತಾರೆ. ಹೊಸಕೋಟೆ ಎಂಬ ಊರು ಎಷ್ಟಿಲ್ಲ? ಆಲೂರಿನವರು ಕೆಂಚಮ್ಮನ ಹೊಸಕೋಟೆ ಎಂದು ಪೂರ್ತಿ ಹೇಳುವುದು ಸುಮ್ಮನೆ ಅಲ್ಲ.

ಯಾವ ಹೆಸರನ್ನೂ ಸೋಲಿಸಬೇಕಾಗಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಜಾಗಕ್ಕೆ ಮುಖ್ಯ ಹೆಸರು, ಕನ್ನಡದ ಹೆಸರು, ಪರ್ಯಾಯ ಹೆಸರು, ಹಳೆಯ ಹೆಸರು ಎಂದು ಬೇರೆಬೇರೆ ಖಾನೆಗಳಿವೆ. ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂದೇ ಹೆಸರು. ಹಳೆಯ ದಾಖಲೆ ಹುಡುಕುವವರಿಗೆ ಅದೂ ಬೇಕು. ಆದರೆ ಎಚ್ಚರಿಕೆಯ ಸಂದೇಶದಲ್ಲಿ ಬಳಸುವ ಹೆಸರು ಒಂದೇ ಇರಲಿ, ಆ ಪಟ್ಟಿ ಎಲ್ಲರ ಕೈಯಲ್ಲೂ ಇರಲಿ.

ಯಾವುದು ಎಲ್ಲಿಗೆ

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ದೂರದೂರದ ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಅದರ ರಾಜಧಾನಿಯ ಬೀದಿಗಳನ್ನು ಇದರಲ್ಲಿ ಬರೆದು ಪರಿಹಾರ ತಂಡಗಳ ಕೈಗೆ ಕೊಟ್ಟಿದ್ದರು. ನಮ್ಮ ಬೆಟ್ಟಗಳಿಗೆ ಇದರಲ್ಲಿ ಇಷ್ಟವಾಗುವ ಗುಣ ಬೇರೆ. ಓಸ್ಮ್‌ಆಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪಿನಲ್ಲಿ ಇದೇ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುತ್ತದೆ. ಜುಲೈನಲ್ಲಿ ಮೂರು ದಿನ ಕರೆಂಟಿಲ್ಲದೆ ಟವರ್ ಮಲಗಿದಾಗ ಅದರ ಬೆಲೆ ತಿಳಿಯುತ್ತದೆ.

ಆದರೆ ಎಲ್ಲವನ್ನೂ ಅಲ್ಲಿ ಸುರಿಯಬಾರದು. ರಸ್ತೆ, ಸೇತುವೆ, ಕೆರೆ, ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಬಸ್ ತಂಗುದಾಣ, ಇವೆಲ್ಲ ನಾಳೆಯೂ ಇರುವಂಥವು. ಇವು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ. ಆನೆ ಕಂಡದ್ದು, ಮರ ಬಿದ್ದದ್ದು, ಮೋರಿ ಕೊಚ್ಚಿಹೋದದ್ದು ಇವತ್ತಿನ ಸುದ್ದಿ. ಇದಕ್ಕೆ ಊರಿನದೇ ಪ್ರತ್ಯೇಕ ಪದರ ಬೇಕು. ಯುಮ್ಯಾಪ್‌ನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಮ್ಮ ಗುರುತುಗಳನ್ನು ಇಟ್ಟುಕೊಳ್ಳುವುದು ಉಚಿತ. ಒಂದೇ ಎಚ್ಚರ: ಅದು ನೋಡುವುದಕ್ಕೊಂದು, ತಿದ್ದುವುದಕ್ಕೊಂದು ಲಿಂಕ್ ಕೊಡುತ್ತದೆ. ಎರಡನೆಯದನ್ನು ಗುಂಪಿಗೆ ಹಾಕಿಬಿಟ್ಟರೆ ಸಂಜೆಯೊಳಗೆ ನಿಮ್ಮ ನಕ್ಷೆಯ ಮೇಲೆ ಹೋಂಸ್ಟೇ ಜಾಹೀರಾತು ಕೂತಿರುತ್ತದೆ. ಇನ್ನು ಯಾರ ಮನೆ ಯಾವುದು, ಯಾರ ತೋಟದಲ್ಲಿ ಎಷ್ಟು ಬೆಳೆ ಹೋಯಿತು, ಯಾರ ಫೋನ್ ನಂಬರ್ ಏನು, ಇದನ್ನು ಯಾವ ನಕ್ಷೆಗೂ ಹಾಕಬೇಡಿ. ಪರಿಹಾರದ ಅರ್ಜಿಗೆ ಅದು ಬೇಕಾಗಬಹುದು. ಅರ್ಜಿ ಕಚೇರಿಗೆ ಹೋಗಲಿ, ನಕ್ಷೆ ಊರಿಗೆ ಬರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿ ಉಳಿದಿಲ್ಲ.

ಗಡಿರೇಖೆಯಲ್ಲಿ ನಿಲ್ಲುವ ಸಂಗತಿಗಳೂ ಇವೆ. ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ಕಡೆಯ ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತ. ಅವನನ್ನು ಮಣ್ಣು ಮಾಡಿದ ಜಾಗವನ್ನು ನಕ್ಷೆಗೆ ಹಾಕಬೇಕೆಂದು ಹುಡುಗರು ಹಟ ಹಿಡಿದರು. ಜಾಗದ ಗುರುತು ಇರಲಿ, ಕಾಡಿನೊಳಗಿನ ದಾರಿಯನ್ನು ಮಾತ್ರ ಎಳೆಯಬೇಡಿ ಎಂದೆ. ಗುರುತು ನೋಡಿದವನು ನೆನಪು ಮಾಡಿಕೊಳ್ಳುತ್ತಾನೆ, ದಾರಿ ನೋಡಿದವನು ಸಂಜೆ ಐದಕ್ಕೆ ಬೈಕ್ ಹತ್ತುತ್ತಾನೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಹಾದಿಗೂ ಇದೇ ಮಾತು. 57 ಸುರಂಗಗಳ ಆ ಹಳಿಯ ಮೇಲೆ ಚಾರಣದ ಗೆರೆ ಎಳೆದು ಹಂಚುವವರಿದ್ದಾರೆ. ಹಳಿ ಹಳಿಯೇ, ಕಾಲುದಾರಿಯಲ್ಲ. ಕಂಡ ಕೂಡಲೇ ಅಳಿಸಿ.

ಪಿನ್ ಬಿದ್ದದ್ದೆಲ್ಲಿ?

ನಮ್ಮ ಮೊದಲ ತಿಂಗಳ ಕಡತದಲ್ಲಿ ಒಂದು ಆನೆ ಸಮುದ್ರದಲ್ಲಿತ್ತು. ಅದೂ ಅರಬ್ಬಿ ಸಮುದ್ರವಲ್ಲ, ನಾರ್ವೆಯಿಂದಲೂ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಕಡೆ, ಹಿಮದ ನೀರಿನಲ್ಲಿ. ಸಕಲೇಶಪುರದ ಅಕ್ಷಾಂಶ ಸುಮಾರು 12.94, ರೇಖಾಂಶ ಸುಮಾರು 75.78. ಯಾರೋ ಎರಡನ್ನೂ ಹಿಂದುಮುಂದಾಗಿ ಬರೆದಿದ್ದರು. ತಪ್ಪು ಪೂರ್ತಿ ಅವರದ್ದಲ್ಲ. ಜನ ಅಕ್ಷಾಂಶವನ್ನು ಮೊದಲು ಬರೆಯುತ್ತಾರೆ, ಜಿಯೋಜೇಸನ್ ಎಂಬ ಕಡತದ ಮಾದರಿ ರೇಖಾಂಶವನ್ನು ಮೊದಲು ಕೇಳುತ್ತದೆ. ಇನ್ನೊಂದು ತಪ್ಪು ಇದಕ್ಕಿಂತ ಅಪಾಯದ್ದು, ಯಾಕೆಂದರೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. 12 ಡಿಗ್ರಿ 57 ಮಿನಿಟ್ ಎಂಬುದನ್ನು 12.57 ಎಂದು ಬರೆದರೆ ಗುರುತು 40 ಕಿಲೋಮೀಟರಿಗೂ ಹೆಚ್ಚು ತೆಂಕಕ್ಕೆ, ಸೋಮವಾರಪೇಟೆಯ ಕಡೆಗೆ ಹೋಗಿ ಕೂರುತ್ತದೆ. ಅಲ್ಲೂ ಕಾಫಿ ತೋಟ, ಅಲ್ಲೂ ಆನೆ. ಯಾರಿಗೆ ಅನುಮಾನ ಬರಬೇಕು?

ಆದ್ದರಿಂದ ಅಂಕೆಗಳನ್ನು ಕೈಯಿಂದ ಬರೆಸಲೇಬೇಡಿ. ಕೋಬೋಟೂಲ್‌ಬಾಕ್ಸ್‌ನಲ್ಲಿ ಕನ್ನಡದಲ್ಲೇ ಒಂದು ಸಣ್ಣ ಫಾರಂ ಮಾಡಿ ಎಲ್ಲರ ಮೊಬೈಲಿಗೂ ಹಾಕಿಕೊಡಿ. ನೆಟ್‌ವರ್ಕ್ ಇಲ್ಲದ ಕಡೆ ತುಂಬಿಟ್ಟರೂ ಸಿಕ್ಕಾಗ ತಾನೇ ಕಳಿಸುತ್ತದೆ, ಜಾಗವನ್ನು ಫೋನೇ ಹಿಡಿಯುತ್ತದೆ. ಪ್ರಶ್ನೆಗಳು ಆರು ದಾಟಬಾರದು. ಹನ್ನೆರಡು ಪ್ರಶ್ನೆಯ ಫಾರಂ ಮಾಡಿದ ಉತ್ಸಾಹಿಗಳಲ್ಲಿ ನಾನೂ ಒಬ್ಬ. ಅದನ್ನು ಇಬ್ಬರು ತುಂಬಿದರು, ಅದರಲ್ಲಿ ಒಬ್ಬ ನಾನೇ.

ಫೋನ್ ಹಿಡಿಯುವುದು ಫೋನ್ ಇರುವ ಜಾಗವನ್ನು, ಆನೆ ಇರುವ ಜಾಗವನ್ನಲ್ಲ. ಇದು ಹೇಳುವಾಗ ನಗು ಬರುತ್ತದೆ, ನಕ್ಷೆಯಲ್ಲಿ ಅಳು ಬರಿಸುತ್ತದೆ. ಮನೆಯ ಜಗಲಿಯಲ್ಲಿ ನಿಂತು ಕೆಳಗಿನ ಗದ್ದೆಯ ಆನೆಯನ್ನು ನೋಡಿದವರು ಲೊಕೇಶನ್ ಕಳಿಸಿದರೆ ಪಿನ್ ಬೀಳುವುದು ಜಗಲಿಯ ಮೇಲೆ. ಹಾಗಾಗಿ ಫಾರಂನಲ್ಲಿ ‘ಯಾವ ದಿಕ್ಕಿಗೆ, ಅಂದಾಜು ಎಷ್ಟು ದೂರ’ ಎಂಬ ಪ್ರಶ್ನೆ ಇರಲೇಬೇಕು. ಮೂಡಣ, ಪಡುವಣ ಎಂದೇ ಇಡಿ. ವಾಟ್ಸಾಪಿನಲ್ಲಿ ಫೋಟೊ ಕಳಿಸಿದರೆ ಅದರೊಳಗಿನ ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು.

ದಶಾಂಶದ ನಂತರ ಎಷ್ಟು ಅಂಕೆ ಬೇಕು? ನಾಲ್ಕು ಅಂಕೆ ಎಂದರೆ ಸುಮಾರು 11 ಮೀಟರಿನ ನಿಖರತೆ, ಸಾಕು. ಬಯಲಿನಲ್ಲಿ ಮೊಬೈಲ್ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸುತ್ತದೆ, ಸಿಲ್ವರ್ ಓಕ್ ಕೆಳಗೆ, ಕಣಿವೆಯಲ್ಲಿ ಇನ್ನೂ ಹೆಚ್ಚು. ಎಂಟು ಅಂಕೆ ಬರೆದವರು ತಮ್ಮನ್ನೇ ಮರುಳು ಮಾಡಿಕೊಳ್ಳುತ್ತಿದ್ದಾರೆ ಅಷ್ಟೆ.

ಉಪಗ್ರಹದ ಚಿತ್ರ ನೋಡಿ ಮನೆಯಲ್ಲೇ ಕೂತು ರಸ್ತೆ ಎಳೆಯಬಹುದು, ಬಯಲುಸೀಮೆಯಲ್ಲಿ. ನಮ್ಮಲ್ಲಿ ಆಕಾಶದಿಂದ ನೋಡಿದರೆ ತೋಟವೂ ಕಾಡೇ, ಕೆಳಗಿನ ದಾರಿ ಕಾಣುವುದೇ ಇಲ್ಲ. ಜಿಪಿಎಸ್ ಹಾಕಿಕೊಂಡು ನಡೆಯಬೇಕು. ಚಿತ್ರವೇ ಕೆಲವೊಮ್ಮೆ ಹತ್ತಿಪ್ಪತ್ತು ಮೀಟರ್ ಸರಿದು ಕೂತಿರುತ್ತದೆ. ಅದನ್ನು ಪರೀಕ್ಷಿಸಲು ನಮಗೆ ಟಿಪ್ಪು ಸುಲ್ತಾನನ ಕೃಪೆ ಇದೆ. 1792ರ ಮಂಜರಾಬಾದ್ ಕೋಟೆ ನಕ್ಷತ್ರದ ಆಕಾರದ್ದು, ಅದರ ಎಂಟು ಮೂಲೆಗಳು ಉಪಗ್ರಹದ ಚಿತ್ರದಲ್ಲಿ ಕೆತ್ತಿದ ಹಾಗೆ ಕಾಣುತ್ತವೆ. ಒಂದು ಮೂಲೆಯಲ್ಲಿ ಹತ್ತು ನಿಮಿಷ ನಿಂತು ಜಿಪಿಎಸ್ ಗುರುತು ತೆಗೆದುಕೊಂಡು, ಚಿತ್ರದ ಮೂಲೆಗೆ ಹೋಲಿಸಿ. ಎಷ್ಟು ಸರಿದಿದೆಯೋ ಅಷ್ಟು ಸರಿಸಿಕೊಂಡು ಕೆಲಸ ಶುರುಮಾಡಿ.

ಗೂಗಲ್ ಮ್ಯಾಪಿನಿಂದಲೋ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪಿನಿಂದಲೋ ಗೆರೆ ನಕಲು ಮಾಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹಾಕುವಂತಿಲ್ಲ. ನೋಡುವುದಕ್ಕೆ ಸಿಗುವುದೆಲ್ಲ ನಕಲು ಮಾಡುವುದಕ್ಕೆ ಸಿಗುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ 2012ರಿಂದ ಓಡಿಬಿಎಲ್ ಪರವಾನಗಿಯಲ್ಲಿದೆ. ಬಳಸಿದವರು ಮೂಲ ಹೇಳಬೇಕು, ಅದಕ್ಕೆ ಸೇರಿಸಿ ಹಂಚಿದ್ದನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಗುಂಪಿಗೆ ಹೊಸಬರು ಸೇರುವಾಗಲೇ ಇದನ್ನು ಎರಡು ಸಾಲಿನ ಕನ್ನಡದಲ್ಲಿ ಹೇಳಿ ಒಪ್ಪಿಗೆ ಪಡೆಯಿರಿ. ಆಮೇಲೆ ಕೇಳಿದರೆ ಯಾರೂ ನೆನಪಿರುವ ಹಾಗೆ ನಟಿಸುವುದೂ ಇಲ್ಲ.

ಸರ್ಕಾರದ ಅನುಮತಿ ಬೇಕೇ ಎಂದು ಪ್ರತಿ ಸಭೆಯಲ್ಲೂ ಒಬ್ಬರಾದರೂ ಕೇಳುತ್ತಾರೆ. 2021ರ ಫೆಬ್ರುವರಿಯಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಭಾರತೀಯರು ನಕ್ಷೆಯ ದತ್ತಾಂಶ ಸಂಗ್ರಹಿಸಲು, ಹಂಚಲು ಮುಂಚಿತ ಅನುಮತಿ ಬೇಕಿಲ್ಲ. ಸೂಕ್ಷ್ಮ ಸ್ಥಳಗಳ ಕೆಲವು ವಿವರಗಳಿಗೆ ನಿರ್ಬಂಧ ಇದ್ದೇ ಇದೆ. ಒಂದು ಮೀಟರಿಗಿಂತ ಸೂಕ್ಷ್ಮ ದತ್ತಾಂಶಕ್ಕೆ ಬೇರೆ ನಿಯಮ, ಮೊಬೈಲ್ ಹಿಡಿದು ನಡೆಯುವ ನಮಗೆ ಅದು ತಾಗುವುದಿಲ್ಲ. ಡ್ರೋನ್ ಹಾರಿಸುವವರು ಡ್ರೋನಿನ ನಿಯಮವನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಫೋಟೊ ಕೇಳಬೇಡಿ

2008ರಲ್ಲಿ ಕೀನ್ಯಾದ ಚುನಾವಣೆಯ ನಂತರ ಗಲಭೆಯಾದಾಗ ಅಲ್ಲಿನವರು ಉಶಾಹಿದಿ ಎಂಬ ತಾಣ ಕಟ್ಟಿ ಜನ ಕಳಿಸಿದ ಸುದ್ದಿಯನ್ನು ನಕ್ಷೆಯ ಮೇಲೆ ಇಟ್ಟರು. ಸ್ವಾಹಿಲಿಯಲ್ಲಿ ಆ ಮಾತಿಗೆ ಸಾಕ್ಷ್ಯ ಎಂದರ್ಥ. ಬಂದ ಸುದ್ದಿ ಪರಿಶೀಲಿಸಿದ್ದೋ ಅಲ್ಲವೋ ಎಂದು ಗುರುತು ಹಾಕುವ ಪದ್ಧತಿಯನ್ನು ನಾವೂ ಎತ್ತಿಕೊಂಡೆವು. ಆದರೆ ಪರಿಶೀಲನೆ ಎಂದ ಕೂಡಲೇ ಅಡ್ಮಿನ್‌ಗಳ ಬಾಯಿಗೆ ಬರುವುದು ‘ಫೋಟೊ ಹಾಕಿ’ ಎಂಬ ಮಾತು. ಆನೆಯ ವಿಷಯದಲ್ಲಿ ಅದನ್ನು ಹೇಳಲೇಬಾರದು. ಹೇಳಿದ ಮರುಕ್ಷಣ ಯಾರೋ ಒಬ್ಬ ಹುಡುಗ ಟಾರ್ಚ್ ಹಿಡಿದು ತೋಟಕ್ಕೆ ಇಳಿಯುತ್ತಾನೆ. ನಮ್ಮ ಗುಂಪಿನಲ್ಲಿ ಆನೆಯ ಫೋಟೊ, ವಿಡಿಯೊ ಹಾಕುವುದೇ ನಿಷಿದ್ಧ. ಹಾಕಿದವರನ್ನು ಒಂದು ವಾರ ಹೊರಗಿಡುತ್ತೇವೆ, ನೆಂಟರಾದರೂ ಸರಿ. ಕಿವಿಯಿಂದ ಕೇಳಿದ್ದು, ಕಣ್ಣಿಂದ ಕಂಡದ್ದು ಎಂದು ಎರಡೇ ದರ್ಜೆ ಸಾಕು. ಬಿದಿರು ಮುರಿದ ಸದ್ದು, ನಾಯಿ ಬೊಗಳಿದ ರೀತಿ, ಇದರ ಮೇಲೆ ಹೇಳುವ ಹಿರಿಯರ ಮಾತು ನಮ್ಮಲ್ಲಿ ಹೆಚ್ಚು ಸುಳ್ಳಾಗಿಲ್ಲ. ಲದ್ದಿ, ಹೆಜ್ಜೆ, ಮುರಿದ ಬೇಲಿ ಹಗಲಾದ ಮೇಲೆ ನೋಡಿ ಖಚಿತ ಮಾಡಿದರಾಯಿತು.

ಒಂದೇ ಹಿಂಡನ್ನು ಐದು ಜನ ನೋಡಿದರೆ ನಕ್ಷೆಯ ಮೇಲೆ ಐದು ಹಿಂಡು. ತಾಸಿನೊಳಗೆ, ಒಂದು ಕಿಲೋಮೀಟರ್ ಒಳಗೆ, ಲೆಕ್ಕ ಹತ್ತಿರ ಇದ್ದರೆ ಒಂದೇ ಎಂದು ಸೇರಿಸಿಬಿಡುತ್ತೇವೆ. ಇದು ನಾವು ಮಾಡಿಕೊಂಡ ಅಂದಾಜು, ನಿಮ್ಮೂರಿಗೆ ಬೇರೆ ಇರಬಹುದು. ಅದಕ್ಕಿಂತ ಮುಖ್ಯ ಸುದ್ದಿಯ ಆಯಸ್ಸು. ರಾತ್ರಿಯ ಆನೆ ಗುರುತು ಬೆಳಿಗ್ಗೆ ಒಂಬತ್ತಕ್ಕೆ ಅಳಿಯಬೇಕು. ‘ಮರ ಬಿದ್ದಿದೆ’ ಎಂಬುದನ್ನು ದಿನಕ್ಕೊಮ್ಮೆ ಯಾರಾದರೂ ಮತ್ತೆ ಖಚಿತ ಮಾಡದಿದ್ದರೆ ಅದೂ ಹೋಗಬೇಕು. ಹಳಸಿದ ಎಚ್ಚರಿಕೆ ತುಂಬಿದ ನಕ್ಷೆಯನ್ನು ಜನ ಎರಡು ದಿನ ನೋಡುತ್ತಾರೆ, ಮೂರನೆಯ ದಿನ ಹೊಸ ಎಚ್ಚರಿಕೆಯನ್ನೂ ನೋಡುವುದಿಲ್ಲ. ಅಳಿಸಿದ್ದನ್ನು ಬೇರೆ ಕಡತದಲ್ಲಿ ಉಳಿಸಿಕೊಳ್ಳಿ. ವರ್ಷದ ಕೊನೆಗೆ ಆನೆ ಯಾವ ಹಳ್ಳ ಹಿಡಿದು ಬರುತ್ತದೆ ಎಂಬುದು ಅದರಲ್ಲಿ ತಾನಾಗಿ ಕಾಣುತ್ತದೆ.

ಆ ಹಳೆಯ ಕಡತವನ್ನು ಹೊರಗೆ ಹಂಚುವಾಗ ನಿಖರತೆ ಇಳಿಸಿ. ಐನ್ಯಾಚುರಲಿಸ್ಟ್ ತಾಣ ಅಪಾಯದಲ್ಲಿರುವ ಜೀವಿಗಳ ಜಾಗವನ್ನು 0.2 ಡಿಗ್ರಿಯ, ಅಂದರೆ ಸುಮಾರು 22 ಕಿಲೋಮೀಟರಿನ ಚೌಕದೊಳಗೆ ಮಸುಕು ಮಾಡಿ ತೋರಿಸುತ್ತದೆ. ನಾವು ದಶಾಂಶದ ನಂತರ ಎರಡೇ ಅಂಕೆ ಬಿಡುತ್ತೇವೆ. ಒಂದು ಕಿಲೋಮೀಟರ್ ಅಂದಾಜು ಸಿಗುತ್ತದೆ, ಅಧ್ಯಯನಕ್ಕೆ ಬಹುಮಟ್ಟಿಗೆ ಸಾಕು, ದಂತಚೋರನಿಗೆ ಸಾಲದು.

ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಕನ್ನಡದ ಸಂದೇಶ ಅವರಿಗೆ ಗೆರೆ ಮಾತ್ರ. ಬೆಳಿಗ್ಗೆ ಮೊದಲು ತೋಟಕ್ಕೆ ಇಳಿಯುವವರೂ ಅವರೇ. ಪ್ರತಿ ಲೈನಿನಲ್ಲಿ ಒಬ್ಬರಿಗೆ ಫೋನ್ ಮಾಡಿ ಬಾಯಲ್ಲೇ ಹೇಳುವ ಜವಾಬ್ದಾರಿಯನ್ನು ಒಬ್ಬ ರೈಟರಿಗೋ ಮೇಸ್ತ್ರಿಗೋ ಹೊರಿಸಿ. ಇದಕ್ಕೆ ಆ್ಯಪ್ ಹುಡುಕಬೇಡಿ.

ಉಣಗೋಲು

ನಮಗೆ ಬಂದ ಮೊದಲ ದೊಡ್ಡ ದೂರು ಆನೆಯದ್ದಲ್ಲ. ಒಬ್ಬ ಹಿರಿಯ ಬೆಳೆಗಾರರು ಫೋನ್ ಮಾಡಿ, ‘ರಾತ್ರಿ ಹನ್ನೊಂದಕ್ಕೆ ಯಾರೋ ಕಾರಿನವರು ನಮ್ಮ ಅಂಗಳದಲ್ಲಿ ತಿರುಗಿಸ್ತಿದ್ರು, ನಿಮ್ಮ ಮ್ಯಾಪು ದಾರಿ ತೋರಿಸ್ತಂತೆ’ ಎಂದರು. ತೋಟದೊಳಗಿನ ರಸ್ತೆಯನ್ನು ಹುಡುಗರು ಊರಿನ ರಸ್ತೆಯಂತೆ ಎಳೆದಿದ್ದರು. ‘ಅಳಿಸಿಬಿಡಿ’ ಎಂದು ಅವರ ಒತ್ತಾಯ. ಅಳಿಸಿದರೆ ಮತ್ತೊಬ್ಬ ಬಂದು ಅದನ್ನೇ ಎಳೆಯುತ್ತಾನೆ, ಈ ಅನುಭವ ಎಲ್ಲ ಕಡೆಯದ್ದು. ಗೆರೆಯನ್ನು ಬಿಟ್ಟು, ಅದಕ್ಕೆ ಖಾಸಗಿ ಎಂಬ ಗುರುತು ಕೊಟ್ಟು, ಉಣಗೋಲು ಇರುವ ಜಾಗದಲ್ಲಿ ಗೇಟು ಎಂದು ಚುಕ್ಕಿ ಇಟ್ಟೆವು. ಆಮೇಲೆ ದಾರಿ ಹುಡುಕುವ ಆ್ಯಪ್ ಅಲ್ಲಿಗೆ ಕಳಿಸುವುದನ್ನು ನಿಲ್ಲಿಸಿತು. ಅದೇ ರಸ್ತೆ ತುರ್ತಿಗೆ ಆಂಬುಲೆನ್ಸಿಗೆ ಬೇಕಾಗಬಹುದು ಎಂದು ಹೇಳಿದಾಗ ಅವರೂ ಒಪ್ಪಿದರು. ಕಾಫಿ ಕುಡಿಸಿ ಕಳಿಸಿದರು.

ಇದು ಖಾಸಗಿಯೋ ರೂಢಿಯ ದಾರಿಯೋ ಎಂಬ ವ್ಯಾಜ್ಯ ಇದ್ದರೆ ನಕ್ಷೆಯವರು ತೀರ್ಪು ಕೊಡಲು ಹೋಗಬಾರದು. ನೆಲದ ಮೇಲೆ ಏನು ಕಾಣುತ್ತದೋ ಅಷ್ಟು ಬರೆಯಿರಿ. ಗೇಟಿದೆ, ಬೀಗವಿದೆ ಅಥವಾ ಇಲ್ಲ. ಉಳಿದದ್ದು ತಹಶೀಲ್ದಾರರ ಕೆಲಸ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ತಿದ್ದುಪಡಿಯೂ ಯಾರು, ಯಾವಾಗ ಎಂಬ ದಾಖಲೆಯೊಂದಿಗೆ ಉಳಿಯುತ್ತದೆ, ಹಿಂದಕ್ಕೂ ತಿರುಗಿಸಬಹುದು. ಜಗಳ ಬಂದಾಗ ಆ ದಾಖಲೆ ತೆರೆದು ತೋರಿಸಿದರೆ ಅರ್ಧ ಧ್ವನಿ ಇಳಿಯುತ್ತದೆ.

ನೀರುಗಂಟಿ

ಕೆರೆ ಎಲ್ಲರದ್ದು, ತೂಬಿನ ಕೆಲಸ ಮಾತ್ರ ನೀರುಗಂಟಿಯದ್ದು. ನಕ್ಷೆಗೂ ಹಾಗೆ ಒಬ್ಬರು ಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಕೂತು ಹಳೆಯದನ್ನು ಅಳಿಸಿ, ಎರಡಾದದ್ದನ್ನು ಒಂದು ಮಾಡಿ, ತಪ್ಪು ಬರೆದವರಿಗೆ ಮುಖ ಕೆಡದ ಹಾಗೆ ಹೇಳುವವರು. ಒಬ್ಬರೇ ವರ್ಷಗಟ್ಟಲೆ ಮಾಡಿದರೆ ಸೋತುಹೋಗುತ್ತಾರೆ, ಇಲ್ಲವೇ ಯಜಮಾನರಾಗುತ್ತಾರೆ. ಎರಡೂ ಕೆಟ್ಟದ್ದೇ. ತಿಂಗಳಿಗೊಬ್ಬರಂತೆ ಸರದಿ ಇಡಿ. ಅಡ್ಮಿನ್ ಕನಿಷ್ಠ ಮೂವರು, ಅವರಲ್ಲಿ ಒಬ್ಬರಾದರೂ ಊರು ಬಿಡದವರು. ನಮ್ಮ ಫಾರಂನ ಪಾಸ್‌ವರ್ಡ್ ಒಬ್ಬನೇ ಹುಡುಗನ ಬಳಿ ಇತ್ತು. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಫೋನ್ ಕಳೆದುಹೋಯಿತು, ನಮ್ಮ ಎಂಟು ತಿಂಗಳ ದಾಖಲೆಯೂ ಅದರ ಹಿಂದೆ ಹೋಯಿತು. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಇಡೀ ದತ್ತಾಂಶವನ್ನು ಇಳಿಸಿ ಎರಡು ಪೆನ್‌ಡ್ರೈವಿಗೆ ಹಾಕುತ್ತೇವೆ. ಒಂದು ಶಾಲೆಯ ಬೀರುವಿನಲ್ಲಿ, ಇನ್ನೊಂದು ಸಹಕಾರ ಸಂಘದಲ್ಲಿ.

ಸಹಾಯ ಬೇಕಾದರೆ ಸಿಗುತ್ತದೆ. ಬೆಂಗಳೂರಿನಲ್ಲಿ 2011ರಲ್ಲಿ ಶುರುವಾದ ಡೇಟಾಮೀಟ್ ಬಳಗದವರು ಜಿಲ್ಲೆ, ಹಳ್ಳಿಗಳ ಗಡಿಯ ಕಡತಗಳನ್ನು ಮುಕ್ತವಾಗಿ ಇಟ್ಟಿದ್ದಾರೆ. ಸರ್ವೆ ಆಫ್ ಇಂಡಿಯಾ ತನ್ನ 1:50,000 ಅಳತೆಯ ನಕ್ಷೆಗಳನ್ನು 2017ರಿಂದ ಉಚಿತವಾಗಿ ಕೊಡುತ್ತಿದೆ. ಗಿಡ, ಹಕ್ಕಿ, ಕಪ್ಪೆಗಳ ದಾಖಲೆಗೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ, ಅದಕ್ಕೆಂದು ಊರಿನಲ್ಲಿ ಹೊಸ ಅಂಗಡಿ ತೆರೆಯಬೇಕಿಲ್ಲ.

ಮಳೆಗಾಲಕ್ಕೆ ಮುಂಚೆ ನಕ್ಷೆಯನ್ನು ಎ-1 ಹಾಳೆಯಲ್ಲಿ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ಹಾಲಿನ ಡೇರಿಯ ಗೋಡೆಗೆ ಹಾಕಿ. ಪಕ್ಕದಲ್ಲೊಂದು ಮಾರ್ಕರ್ ಪೆನ್ನು ದಾರದಲ್ಲಿ ಕಟ್ಟಿ. ಮೊಬೈಲಿನಲ್ಲಿ ಒಂದಕ್ಷರ ತಿದ್ದದವರು ಹಾಲು ಅಳೆಸುವ ಸರದಿಯಲ್ಲಿ ನಿಂತು ಬೇಕಾದಷ್ಟು ತಿದ್ದುತ್ತಾರೆ. ನಮ್ಮ ಹಾಳೆಯಲ್ಲಿ ಈಗ ಹನ್ನೊಂದು ತಿದ್ದುಪಡಿಗಳಿವೆ. ಹೊಸಕೆರೆಯ ಹೆಸರಿಗೆ ಯಾರೋ ಅಡ್ಡಗೆರೆ ಎಳೆದು ‘ಇದಲ್ಲ, ಮೇಲಿನದು’ ಎಂದು ಬರೆದಿದ್ದಾರೆ. ಅದರ ಕೆಳಗೆ ಇನ್ನೊಂದು ಕೈಬರಹ: ‘ಇದೇ.’ ಶನಿವಾರ ಇಬ್ಬರನ್ನೂ ಕರೆದುಕೊಂಡು ಹೋಗಿ ನೋಡಬೇಕು.